ಮತ ಎಣಿಸಿ ಅಂದ ಹಮರ್ಲಿಕ್: ಎನ್‌ಎಚ್‌ಎಲ್ ಆಟಗಾರರ ಸಂಘಕ್ಕೆ ಒಂದು ಬಹಿರಂಗ ಪತ್ರ

ಎನ್‌ಎಚ್‌ಎಲ್ ಆಟಗಾರರ ಸಂಘದ ಸದಸ್ಯರಿಗೆ, ಪ್ರತಿ ತಂಡದಿಂದ ಆರಿಸಿ ಬಂದ ಪ್ರತಿನಿಧಿಗಳಿಗೆ,

ನಮಸ್ಕಾರ.

2025ರ ಜುಲೈನಲ್ಲಿ, ಅಮೆರಿಕ ಮತ್ತು ಕೆನಡಾದ ತಂಡಗಳು ಆಡುವ ಈ ಐಸ್ ಹಾಕಿ ಲೀಗ್‌ನ ಆಟಗಾರರಾದ ನಿಮಗೂ ತಂಡಗಳ ಮಾಲೀಕರಿಗೂ ಹೊಸ ಒಪ್ಪಂದ ಆಯಿತು. 2026ರ ಸೆಪ್ಟೆಂಬರ್‌ನಿಂದ 2030ರ ಸೆಪ್ಟೆಂಬರ್‌ವರೆಗೆ ಅದರ ಅವಧಿ. ಹಳೆಯ ಒಪ್ಪಂದ ಮುಗಿಯಲು ಇನ್ನೂ ಒಂದು ವರ್ಷ ಇರುವಾಗಲೇ ಎರಡೂ ಕಡೆಯವರು ಕೂತು ಮಾತು ಮುಗಿಸಿದಿರಿ. ಒಂದು ಪಂದ್ಯವೂ ನಿಲ್ಲಲಿಲ್ಲ. ಈ ಆಟ ನೋಡುವವರಿಗೆಲ್ಲ ಅದು ಖುಷಿಯ ಸುದ್ದಿ. ನಾನು ಈ ಪತ್ರವನ್ನು ಈಗ ಬರೆಯುತ್ತಿರುವುದೂ ಅದಕ್ಕೇ. ಜಗಳ ಶುರುವಾದ ಮೇಲೆ ಯಾರೂ ಯಾರ ಮಾತನ್ನೂ ಕಿವಿಗೆ ಹಾಕಿಕೊಳ್ಳುವುದಿಲ್ಲ. ಎಲ್ಲರೂ ಸಮಾಧಾನದಲ್ಲಿರುವಾಗಲೇ ಕೆಲವು ಮಾತು ಆಡಿಬಿಡಬೇಕು.

ನಾನು ಕೊಡಗಿನವನು. ನಮ್ಮಲ್ಲಿ ಹಾಕಿ ಅಂದರೆ ಹುಲ್ಲು, ಮಣ್ಣು, ಬೇಸಿಗೆ ರಜೆ, ಮನೆತನದ ಹೆಸರು ಹೊತ್ತ ತಂಡಗಳು. ಐಸ್ ಮೇಲಿನ ಹಾಕಿ ನನಗೆ ಪರಿಚಯ ಆದದ್ದು ಕೆನಡಾಗೆ ಬಂದ ಮೇಲೆ. ಟೊರಾಂಟೊ ಸುತ್ತಮುತ್ತ ನನ್ನ ಹಾಗೆ ಈ ಆಟದ ಹುಚ್ಚು ಹಿಡಿಸಿಕೊಂಡ ಕನ್ನಡದವರು ಬಹಳ ಜನ ಇದ್ದಾರೆ. ಊರಲ್ಲಿ ಕೂತು ಬೆಳಿಗ್ಗೆ ಆರಕ್ಕೆ ಎದ್ದು ನೋಡುವವರೂ ಇದ್ದಾರೆ. ಅವರೂ ಓದಲಿ, ಅವರೂ ಮಾತಾಡಲಿ ಅಂತ ಕನ್ನಡದಲ್ಲೇ ಬರೆಯುತ್ತಿದ್ದೇನೆ.

ನನ್ನ ಕೋರಿಕೆ ಒಂದೇ. ಮುಂದೊಂದು ದಿನ ಮಾಲೀಕರು ಮತ್ತೆ ಆಟ ನಿಲ್ಲಿಸಿ ಬಾಗಿಲು ಮುಚ್ಚಿದರೆ, ಅಂದರೆ ಲಾಕೌಟ್ ಮಾಡಿದರೆ, ಅವರು ಮುಂದಿಟ್ಟ ಕೊನೆಯ ಪ್ರಸ್ತಾಪದ ಮೇಲೆ ನಿಮ್ಮ ಪ್ರತಿಯೊಬ್ಬ ಸದಸ್ಯನಿಗೂ ಗುಪ್ತ ಮತ ಇರಬೇಕು. ಮತ ಹಾಕೋಣ ಅಂದವನನ್ನು ದ್ರೋಹಿ ಅನ್ನಬಾರದು. ಇದನ್ನು ಕೇಳಲು ಕಾರಣವಾದ ಹಳೆಯ ಆಟಗಾರನ ಹೆಸರು ರೋಮನ್ ಹಮರ್ಲಿಕ್.

2012ರ ಸೆಪ್ಟೆಂಬರ್ 15ರ ರಾತ್ರಿ ಲಾಕೌಟ್ ಶುರುವಾಯಿತು. ನಮ್ಮೂರಿನ ಓದುಗರಿಗೆ ಒಂದು ಮಾತು ಹೇಳಿಬಿಡುತ್ತೇನೆ: ಇದು ಮುಷ್ಕರ ಅಲ್ಲ. ಆಟಗಾರರು ಆಡಲು ತಯಾರಿದ್ದರು. ಬಾಗಿಲು ಹಾಕಿದವರು ಮಾಲೀಕರು. ಹಿಂದಿನ ಸೀಸನ್‌ನಲ್ಲಿ ಲೀಗ್‌ಗೆ ಬಂದ ಆದಾಯ ಸುಮಾರು 330 ಕೋಟಿ ಡಾಲರ್. ಅದರಲ್ಲಿ ಆಟಗಾರರ ಪಾಲು ಶೇಕಡ 57. ಅದನ್ನು 43ಕ್ಕೆ ಇಳಿಸಿ ಅನ್ನುವುದು ಮಾಲೀಕರ ಮೊದಲ ಬೇಡಿಕೆ. ದರೋಡೆ ಅಲ್ವಾ ಇದು? ಆಟಗಾರರು ಸಿಟ್ಟಾದದ್ದು ಸರಿಯಾಗಿಯೇ ಇತ್ತು. ನಾನು ಆಗಲೂ ನಿಮ್ಮ ಕಡೆ ಇದ್ದೆ, ಈಗಲೂ ನಿಮ್ಮ ಕಡೆಯೇ ಇದ್ದೇನೆ.

ಅಕ್ಟೋಬರ್ ಹೋಯಿತು. ನವೆಂಬರ್ ಬಂತು. ಹೊಸ ವರ್ಷದ ದಿನ ಬಯಲಲ್ಲಿ ಆಡುವ ದೊಡ್ಡ ಪಂದ್ಯವೂ ರದ್ದಾಯಿತು. ಆಗ ಹಮರ್ಲಿಕ್ ತಮ್ಮ ದೇಶದ ಒಂದು ಕ್ರೀಡಾ ಪತ್ರಿಕೆಗೆ ಮಾತಾಡಿದರು. ಅವರು ಜೆಕ್ ದೇಶದವರು. ವಾಷಿಂಗ್ಟನ್ ಕ್ಯಾಪಿಟಲ್ಸ್ ತಂಡದ ಡಿಫೆನ್ಸ್ ಆಟಗಾರ. ವಯಸ್ಸು 38. ಅವರು ಹೇಳಿದ್ದರ ಸಾರ ಇಷ್ಟು: ನಮಗೆ ಸಮಯ ಇಲ್ಲ. ಸಂಘದ ಮುಖ್ಯಸ್ಥ ಡೊನಾಲ್ಡ್ ಫೆಹರ್ ಆಟಗಾರರ ನಡುವೆ ಮತ ಹಾಕಿಸಲಿ. ಹೌದೋ ಅಲ್ಲವೋ ಅಂತ ಕೇಳಿ ಎಣಿಸಲಿ. ಅರ್ಧ ಜನ ಆಡೋಣ ಅಂದರೆ ಸಹಿ ಹಾಕಲಿ. ಸೀಸನ್ ಪೂರ್ತಿ ಹೋದರೆ ಅವರು ಕುರ್ಚಿ ಬಿಡಲಿ.

ಮಾತು ಒರಟು, ಒಪ್ಪುತ್ತೇನೆ. ಆದರೆ ಆಡಿದವರು ಯಾರು ನೋಡಿ. ತಂಡಗಳು ಸರದಿಯಂತೆ ಹೊಸ ಹುಡುಗರನ್ನು ಆರಿಸಿಕೊಳ್ಳುವ ಡ್ರಾಫ್ಟ್‌ನಲ್ಲಿ, 1992ರಲ್ಲಿ ಎಲ್ಲರಿಗಿಂತ ಮೊದಲು ಆರಿಸಲ್ಪಟ್ಟ ಹುಡುಗ ಅವರು. ಟ್ಯಾಂಪಾ ಬೇ ತಂಡ ಆರಿಸಿಕೊಂಡಿತ್ತು. 1998ರಲ್ಲಿ ನಾಗಾನೊದಲ್ಲಿ ಒಲಿಂಪಿಕ್ ಚಿನ್ನ ಗೆದ್ದ ಜೆಕ್ ತಂಡದಲ್ಲಿ ಇದ್ದರು. 1994ರ ಲಾಕೌಟ್‌ನಲ್ಲಿ ಅರ್ಧದಷ್ಟು ಸೀಸನ್ ಕಳೆದುಕೊಂಡರು. 2004ರಲ್ಲಿ ಪೂರ್ತಿ ಒಂದು ಸೀಸನ್. 2012ರಲ್ಲಿ ಮೂರನೆಯ ಸಲ ಲಾಕೌಟ್‌ಗೆ ಸಿಕ್ಕಿದರು. ಮೂರು ಸಲವೂ ಸಂಘದ ಜೊತೆಗೇ ನಿಂತಿದ್ದರು. ಇಷ್ಟು ಕೊಟ್ಟ ಮನುಷ್ಯ ಒಮ್ಮೆ ಬಾಯಿಬಿಟ್ಟು "ಎಣಿಸಿ" ಅಂದರು.

ಅದೇ ತಂಡದ ಎಳೆಯ ಗೋಲ್‌ಕೀಪರ್ ಮಿಖಾಲ್ ನ್ಯೂವಿರ್ಟ್ ಅವರ ಮಾತಿಗೆ ದನಿಗೂಡಿಸಿದರು. ಆಮೇಲೆ ಶುರುವಾಯಿತು ನೋಡಿ. ಬೇರೆ ತಂಡಗಳವರು ಬೈದರು, ಅದು ಹೋಗಲಿ. ಇಬ್ಬರ ಜೊತೆ ಒಂದೇ ಡ್ರೆಸ್ಸಿಂಗ್ ರೂಮಿನಲ್ಲಿ ಕೂರುವ ಟ್ರಾಯ್ ಬ್ರೌವರ್ ಕೂಡ, ನಮ್ಮ ಕಡೆ ಇಲ್ಲದವರ ಜೊತೆ ಹೇಗೆ ಆಡುವುದು, ಕಷ್ಟ ಆಗುತ್ತದೆ ಅಂತ ಬಹಿರಂಗವಾಗಿ ಹೇಳಿದರು. ಬ್ರೌವರ್ ಕೆಟ್ಟವರಲ್ಲ. ಅವರು ಕ್ಯಾಪಿಟಲ್ಸ್ ಪಾಳಯದಲ್ಲಿ ಸಂಘದ ಪರ ಗಟ್ಟಿಯಾಗಿ ನಿಂತವರು. ತಿಂಗಳುಗಟ್ಟಲೆ ಸಂಬಳ ಇಲ್ಲದೆ ಕೂತು, ಒಗ್ಗಟ್ಟು ಉಳಿಸಿಕೊಳ್ಳಲು ಹೆಣಗುತ್ತಿದ್ದರು. ಅಂಥ ಹೊತ್ತಲ್ಲಿ ಸ್ವಂತ ತಂಡದವರೇ ಪತ್ರಿಕೆಗೆ ಹೀಗೆ ಹೇಳಿದರೆ ಹೊಟ್ಟೆ ಉರಿಯದೆ ಇರುತ್ತದೆಯೇ? ಮಾಲೀಕರೂ ಪತ್ರಿಕೆ ಓದುತ್ತಾರೆ. ಆ ಕಡೆ ಬಿರುಕು ಬಿಟ್ಟಿದೆ, ಇನ್ನೂ ಎರಡು ವಾರ ತಡೆಯೋಣ ಅಂತ ಲೆಕ್ಕ ಹಾಕುತ್ತಾರೆ.

ಬ್ರೌವರ್ ಅವರ ಸಿಟ್ಟು ನನಗೆ ಅರ್ಥ ಆಗುತ್ತದೆ. ಆ ಸಿಟ್ಟಿನ ಬೇರು 1957ರಲ್ಲಿದೆ.

ಆ ವರ್ಷ ಫೆಬ್ರವರಿಯಲ್ಲಿ ಡೆಟ್ರಾಯಿಟ್‌ನ ಟೆಡ್ ಲಿಂಡ್ಸೆ, ಮಾಂಟ್ರಿಯಲ್‌ನ ಡಗ್ ಹಾರ್ವಿ ಮುಂದೆ ನಿಂತು ಆಟಗಾರರ ಮೊದಲ ಸಂಘ ಕಟ್ಟಿದರು. ಪಿಂಚಣಿ ಹಣದ ಲೆಕ್ಕ ತೋರಿಸಿ ಅಂತ ಕೇಳಿದರು. ಅಷ್ಟೇ ಅವರ ತಪ್ಪು. ಲಿಂಡ್ಸೆ ಆ ಸೀಸನ್‌ನಲ್ಲಿ 85 ಅಂಕ ಗಳಿಸಿದ್ದರು, ಅವರ ಬದುಕಿನ ಅತ್ಯುತ್ತಮ ಸೀಸನ್ ಅದು. ಆದರೂ ಬೇಸಿಗೆ ಮುಗಿಯುವ ಮೊದಲೇ ಅವರನ್ನು ಶಿಕಾಗೊಗೆ ಅಟ್ಟಲಾಯಿತು. ಶಿಕಾಗೊ ಆಗ ಲೀಗ್‌ನಲ್ಲೇ ತೀರಾ ಹಿಂದೆ ಬಿದ್ದ ತಂಡ. ಡೆಟ್ರಾಯಿಟ್ ಮ್ಯಾನೇಜರ್ ಜ್ಯಾಕ್ ಆಡಮ್ಸ್ ಲಿಂಡ್ಸೆಗೆ ಇಲ್ಲದ ಸಂಬಳದ ಸುಳ್ಳು ಅಂಕಿ ಹಬ್ಬಿಸಿದರು. ಉಳಿದ ಹುಡುಗರಲ್ಲಿ ಅನುಮಾನ ಬಿತ್ತಿದರು. ನವೆಂಬರ್‌ನಲ್ಲಿ ಡೆಟ್ರಾಯಿಟ್ ಆಟಗಾರರು ಸಂಘದಿಂದ ಹೊರಬಂದರು. ಹೊರಬಂದವರಲ್ಲಿ ಗೋರ್ಡಿ ಹೌ ಇದ್ದರು. ಲಿಂಡ್ಸೆ ಜೊತೆ ವರ್ಷಗಟ್ಟಲೆ ಒಂದೇ ಸಾಲಿನಲ್ಲಿ ಆಡಿದ ಜೀವದ ಗೆಳೆಯ ಆತ. ಆ ಕಾಲದ ಅತಿ ದೊಡ್ಡ ಆಟಗಾರ. ಸಂಘ ಮುರಿದು ಬಿತ್ತು.

ಹೌ ಅವರನ್ನು ಯಾಕೆ ಬೈಯಬೇಕು ಹೇಳಿ? ಮೈದಾನ ಬಿಟ್ಟರೆ ಬೇರೆ ಕಸುಬು ಗೊತ್ತಿಲ್ಲದ, ಶಾಲೆ ಅರ್ಧಕ್ಕೇ ಬಿಟ್ಟ ಬಡ ಕುಟುಂಬದ ಹುಡುಗ. ತಂಡ ಅವರಿಗೆ ಅನ್ನ ಕೊಟ್ಟಿತ್ತು, ಹೆಸರು ಕೊಟ್ಟಿತ್ತು. ಮ್ಯಾನೇಜರ್ ಹೇಳಿದ್ದನ್ನು ನಂಬಿದರು. ಗೆಳೆಯ ಒಂದು ಕಡೆ, ಅನ್ನ ಕೊಟ್ಟ ಮನೆ ಇನ್ನೊಂದು ಕಡೆ. ಆ ನಂಬಿಕೆಗೆ ಸಿಕ್ಕ ಪ್ರತಿಫಲ ಏನು? ಅರವತ್ತರ ದಶಕದ ಕೊನೆಗೆ ಬಾಬ್ ಬಾನ್ ಅನ್ನುವ ಸಹ ಆಟಗಾರ ತನ್ನ ಸಂಬಳ ಎಷ್ಟು ಅಂತ ಬಾಯಿಬಿಟ್ಟು ಹೇಳಿದಾಗಲೇ ಹೌ ಅವರಿಗೆ ಗೊತ್ತಾದದ್ದು, ಸ್ವಂತ ತಂಡದಲ್ಲೇ ತನಗಿಂತ ಜಾಸ್ತಿ ಪಡೆಯುವವರು ಇದ್ದಾರೆ ಅಂತ. ಅಷ್ಟು ವರ್ಷ ಮಾಲೀಕರನ್ನು ನಂಬಿ ಸುಮ್ನೆ ಇದ್ದರು. 2010ರಿಂದ ನಿಮ್ಮ ಸಂಘ ಕೊಡುವ ಅತಿ ದೊಡ್ಡ ಪ್ರಶಸ್ತಿಗೆ ಟೆಡ್ ಲಿಂಡ್ಸೆ ಹೆಸರಿದೆ. ಆಟಗಾರರೇ ಮತ ಹಾಕಿ ಆರಿಸುವ ಪ್ರಶಸ್ತಿ ಅದು.

ಈ ಇತಿಹಾಸ ಗೊತ್ತಿರುವವನಿಗೆ ಒಗ್ಗಟ್ಟಿನ ಬೆಲೆ ಯಾರೂ ಹೇಳಿಕೊಡಬೇಕಿಲ್ಲ. ಆದರೆ ಇನ್ನೊಂದು ಪಾಠವೂ ಇದೇ ಇತಿಹಾಸದಲ್ಲಿದೆ. ಅದನ್ನು ನಿಮ್ಮ ಸಭೆಗಳಲ್ಲಿ ಅಷ್ಟಾಗಿ ನೆನೆಯುವುದಿಲ್ಲ ಅನ್ನಿಸುತ್ತದೆ.

1967ರಲ್ಲಿ ಈಗಿನ ಸಂಘ ಕಟ್ಟಿದವರು ಅಲನ್ ಈಗಲ್‌ಸನ್. ಅವರು ಸಂಘದ ಮುಖ್ಯಸ್ಥ, ಜೊತೆಗೆ ಆಟಗಾರರ ಏಜೆಂಟ್, ಜೊತೆಗೆ ಅಂತರರಾಷ್ಟ್ರೀಯ ಟೂರ್ನಿಗಳ ಸಂಘಟಕ, ಮಾಲೀಕರ ಗೆಳೆಯ ಕೂಡ. ಎಲ್ಲರೂ ಅವರನ್ನು ನಂಬಿದರು. ಬಾಬಿ ಆರ್ ಅಂಥ ಮಹಾನ್ ಆಟಗಾರ ಅವರನ್ನು ಅಣ್ಣನಂತೆ ನಂಬಿದ್ದರು. 1976ರಲ್ಲಿ ಬಾಸ್ಟನ್ ತಂಡ ಬಾಬಿ ಆರ್‌ಗೆ ಶೇಕಡ 18.5 ಪಾಲುದಾರಿಕೆ ಕೊಡಲು ಮುಂದೆ ಬಂದಿತ್ತು. ಆ ವಿಷಯವನ್ನು ತನ್ನ ಏಜೆಂಟ್ ಈಗಲ್‌ಸನ್ ತನಗೆ ಹೇಳಲೇ ಇಲ್ಲ ಅಂತ ಅವರಿಗೆ ಗೊತ್ತಾದದ್ದು ಬಹಳ ಕಾಲದ ಮೇಲೆ. 1998ರಲ್ಲಿ ಈಗಲ್‌ಸನ್ ವಂಚನೆಯ ಅಪರಾಧ ಒಪ್ಪಿಕೊಂಡು ಜೈಲಿಗೆ ಹೋದರು. ಅದಕ್ಕೆ ಮುಂಚೆ ಅವರ ಲೆಕ್ಕ ಕೇಳಿದ ಆಟಗಾರರನ್ನು ಜಗಳಗಂಟರು ಅಂತ ದೂರ ಇಟ್ಟಿದ್ದರು. ಹಳೆಯ ಆಟಗಾರ ಕಾರ್ಲ್ ಬ್ರೂವರ್ ಅಂಥವರು ಹಿಡಿದ ಹಟ ಬಿಡದೆ ಇದ್ದದ್ದರಿಂದ ಸತ್ಯ ಹೊರಬಂತು. ಪ್ರಶ್ನೆ ಕೇಳಿದವರೇ ಆ ಹೊತ್ತಿಗೆ ಸಂಘಕ್ಕೆ ನಿಜವಾಗಿ ನಿಷ್ಠರಾಗಿದ್ದವರು.

ಈಗ 2004ರ ಲಾಕೌಟ್‌ಗೆ ಬರೋಣ. ಇದರ ಲೆಕ್ಕ ಸ್ವಲ್ಪ ನಿಧಾನವಾಗಿ ನೋಡಬೇಕು.

ಮಾಲೀಕರು ಒಂದೊಂದು ತಂಡ ಕೊಡುವ ಒಟ್ಟು ಸಂಬಳಕ್ಕೆ ಮಿತಿ ಬೇಕು ಅಂದರು. ಸಂಘದ ಆಗಿನ ಮುಖ್ಯಸ್ಥ ಬಾಬ್ ಗುಡ್‌ನೌ, ಮಿತಿ ಅನ್ನುವ ಮಾತೇ ಬೇಡ ಅಂದರು. ಸದಸ್ಯರೆಲ್ಲ ಅದನ್ನೇ ಮಂತ್ರದ ಹಾಗೆ ಹೇಳಿದರು. ಮಿತಿ ಬಂದರೂ ಪರವಾಗಿಲ್ಲ, ಆಡೋಣ ಅಂತ ಪತ್ರಿಕೆಗಳ ಮುಂದೆ ಬಾಯಿಬಿಟ್ಟ ಕೆಲವರು ತಮ್ಮವರಿಂದಲೇ ಬೈಸಿಕೊಂಡು ಸುಮ್ಮನಾದರು. ಡಿಸೆಂಬರ್‌ನಲ್ಲಿ ಸಂಘವೇ ಎಲ್ಲರ ಸಂಬಳದಲ್ಲಿ ಶೇಕಡ 24 ಕಡಿತಕ್ಕೆ ತಯಾರಾಯಿತು, ಆದರೆ ಮಿತಿ ಮಾತ್ರ ಬೇಡ ಅಂದಿತು. ಫೆಬ್ರವರಿ ಮಧ್ಯದಲ್ಲಿ ಒಂದೇ ರಾತ್ರಿಯಲ್ಲಿ ಎಲ್ಲ ಬದಲಾಯಿತು. ಸಂಘ ಮಿತಿಗೂ ಒಪ್ಪಿತು. ಮಾಲೀಕರು ತಂಡಕ್ಕೆ 4.25 ಕೋಟಿ ಡಾಲರ್ ಅಂದರು. ಸಂಘ 4.9 ಕೋಟಿ ಅಂದಿತು. ಎರಡರ ನಡುವಿನ ದಾರಿ ಯಾರೂ ತುಳಿಯಲಿಲ್ಲ. 2005ರ ಫೆಬ್ರವರಿ 16ರಂದು ಕಮಿಷನರ್ ಗ್ಯಾರಿ ಬೆಟ್‌ಮನ್ ಇಡೀ ಸೀಸನ್ ರದ್ದು ಮಾಡಿದರು. 1,230 ಪಂದ್ಯ. ಉತ್ತರ ಅಮೆರಿಕದ ದೊಡ್ಡ ಲೀಗ್‌ಗಳಲ್ಲಿ ಇಂಥ ಜಗಳಕ್ಕೆ ಪೂರ್ತಿ ಸೀಸನ್ ಬಲಿಯಾದದ್ದು ಅದೇ ಮೊದಲು.

ಜುಲೈನಲ್ಲಿ ಒಪ್ಪಂದ ಆಯಿತು. ಮಿತಿ ಎಷ್ಟು ಗೊತ್ತಾ? 3.9 ಕೋಟಿ. ಫೆಬ್ರವರಿಯಲ್ಲಿ ಬೇಡ ಅಂದದ್ದಕ್ಕಿಂತ ಕಮ್ಮಿ. ಶೇಕಡ 24 ಕಡಿತವೂ ಉಳಿಯಿತು. ಒಂದು ವರ್ಷದ ಸಂಬಳವಂತೂ ಹೋಗಿಯೇ ಹೋಗಿತ್ತು. ಆ ಒಪ್ಪಂದಕ್ಕೆ ಶೇಕಡ 87 ಆಟಗಾರರು ಹೌದು ಅಂದರು. ಗುಡ್‌ನೌ ಅದೇ ತಿಂಗಳು ಹುದ್ದೆ ಬಿಟ್ಟರು.

ಫೆಬ್ರವರಿಯ ಆ 4.25 ಕೋಟಿಯ ಪ್ರಸ್ತಾಪದ ಮೇಲೆ ಎಲ್ಲ ಸದಸ್ಯರ ಮತ ಹಾಕಿಸಿದ್ದರೆ ಏನಾಗುತ್ತಿತ್ತು? ನನಗನ್ನಿಸುತ್ತದೆ, ಹೌದು ಅಂತಲೇ ಬರುತ್ತಿತ್ತು. ಬರದೆ ಇದ್ದಿದ್ದರೂ, ಕಳೆದುಕೊಂಡ ವರ್ಷ ಎಲ್ಲರೂ ಸೇರಿ ಮಾಡಿದ ತೀರ್ಮಾನ ಆಗುತ್ತಿತ್ತು. ಈ ಆಟದಲ್ಲಿ ಒಬ್ಬರ ವೃತ್ತಿ ಸರಾಸರಿ ಐದು ವರ್ಷದ ಆಸುಪಾಸು. ಐದರಲ್ಲಿ ಒಂದು ಅಂದರೆ ಸಣ್ಣ ಮಾತಲ್ಲ. 2004ರಲ್ಲಿ ಮೂವತ್ತೈದು ದಾಟಿದ್ದ ಎಷ್ಟೋ ಜನ ಮತ್ತೆ ಲೀಗ್‌ನಲ್ಲಿ ಕಾಲಿಡಲೇ ಇಲ್ಲ.

ಜಗಳದ ಹೊತ್ತಲ್ಲಿ ನಿಮ್ಮಲ್ಲಿ ಒಬ್ಬೊಬ್ಬರನ್ನೂ ಎಷ್ಟು ಕಡೆಯಿಂದ ಎಳೆಯುತ್ತಾರೆ ಅನ್ನುವುದು ಹೊರಗಿನವರಿಗೆ ಕಾಣುವುದಿಲ್ಲ. ಸಿಡ್ನಿ ಕ್ರಾಸ್ಬಿ ನೆನಪಾಗುತ್ತಾರೆ. ಹದಿನೆಂಟರ ಹುಡುಗನಾಗಿ ಪಿಟ್ಸ್‌ಬರ್ಗ್ ತಂಡಕ್ಕೆ ಬಂದಾಗ ಇರಲು ಜಾಗ ಕೊಟ್ಟದ್ದು ಮಾರಿಯೊ ಲೆಮ್ಯೂ. ತಂಡದ ಮಾಲೀಕ. ಅವರ ಮನೆಯಲ್ಲೇ, ಅವರ ಮಕ್ಕಳ ಜೊತೆ, 2010ರವರೆಗೆ ಕ್ರಾಸ್ಬಿ ಇದ್ದರು. ಎರಡೇ ವರ್ಷದ ನಂತರ, 2012ರಲ್ಲಿ, ಫೆಹರ್ ಪತ್ರಿಕಾಗೋಷ್ಠಿಯಲ್ಲಿ ಮಾತಾಡುವಾಗ ಹಿಂದೆ ಸಾಲಾಗಿ ನಿಂತ ಆಟಗಾರರಲ್ಲಿ ಅದೇ ಕ್ರಾಸ್ಬಿ ಮುಖ ಎದ್ದು ಕಾಣುತ್ತಿತ್ತು. ಡಿಸೆಂಬರ್‌ನಲ್ಲಿ ನ್ಯೂಯಾರ್ಕ್‌ನ ಮಾತುಕತೆಯಲ್ಲಿ ಮೇಜಿನ ಆ ಕಡೆ ಲೆಮ್ಯೂ ಅವರ ಪಾಲುದಾರ ರಾನ್ ಬರ್ಕಲ್ ಕೂತಿದ್ದರು, ಈ ಕಡೆ ಕ್ರಾಸ್ಬಿ. ಊಟ ಹಾಕಿದ ಮನೆಯವರ ಎದುರು ಕೂತು ಹಕ್ಕು ಕೇಳುವುದು ಸುಲಭವಾ? ಲೆಮ್ಯೂ ಅವರ ಕಥೆ ಇನ್ನೂ ಗೋಜಲು. 1999ರಲ್ಲಿ ದಿವಾಳಿಯಾದ ತಂಡವನ್ನು ತನಗೆ ಬರಬೇಕಿದ್ದ ಬಾಕಿ ಸಂಬಳವನ್ನೇ ಬಂಡವಾಳ ಮಾಡಿ ಕೊಂಡರು. ಮರುವರ್ಷ ಮತ್ತೆ ಐಸ್‌ಗೆ ಇಳಿದರು. 2004ರ ಲಾಕೌಟ್ ಬಂದಾಗ ಅವರು ಮಾಲೀಕನೂ ಹೌದು, ಆಟಗಾರನೂ ಹೌದು. ಯಾರ ವಿರುದ್ಧ ಯಾರು?

ಜೆಕ್ ದೇಶದ ತಾರೆ ಯಾರೊಮಿರ್ ಯಾಗರ್ ಕೂಡ ಹಾಗೇ. 2012ರಲ್ಲಿ ಡಲ್ಲಾಸ್ ಮಾಲೀಕರು ಅವರಿಗೆ ಬಾಗಿಲು ಮುಚ್ಚಿದರು. ಅವರು ತಮ್ಮ ದೇಶಕ್ಕೆ ಹೋಗಿ ಕ್ಲಾಡ್ನೊ ತಂಡದಲ್ಲಿ ಆಡಿದರು. ಕ್ಲಾಡ್ನೊ ಕ್ಲಬ್‌ನ ಮಾಲೀಕರು ಅವರೇ.

ಮಾಲೀಕರ ಎರಡು ನಾಲಗೆಯ ಬಗ್ಗೆಯೂ ಹೇಳದೆ ಇರಲಾರೆ. 2012ರ ಜುಲೈ 4ರಂದು ಮಿನೆಸೋಟ ತಂಡ ಝ್ಯಾಕ್ ಪರೀಸೆ, ರಯಾನ್ ಸೂಟರ್ ಇಬ್ಬರಿಗೂ 13 ವರ್ಷಕ್ಕೆ ತಲಾ 9.8 ಕೋಟಿ ಡಾಲರ್ ಬರೆದುಕೊಟ್ಟಿತು. ಆ ತಂಡದ ಮಾಲೀಕ ಕ್ರೇಗ್ ಲೀಪೋಲ್ಡ್ ಕೆಲವೇ ತಿಂಗಳಲ್ಲಿ ಮಾಲೀಕರ ಕಡೆಯಿಂದ ಮಾತುಕತೆಗೆ ಕೂತರು. ಇಂಥ ಉದ್ದದ ಕರಾರು ನಿಲ್ಲಿಸಬೇಕು ಅನ್ನುವುದು ಅವರ ಕಡೆಯ ಬೇಡಿಕೆ! ಅಕ್ಟೋಬರ್‌ನಲ್ಲಿ ಲೀಗ್ ಒಂದು ಪ್ರಸ್ತಾಪ ಇಟ್ಟು, 48 ಗಂಟೆ ತಂಡಗಳ ಅಧಿಕಾರಿಗಳು ಆಟಗಾರರ ಜೊತೆ ನೇರವಾಗಿ ಮಾತಾಡಬಹುದು ಅಂತ ಬಿಟ್ಟಿತು. ಸಂಘದ ಬೆನ್ನ ಹಿಂದೆ. ನಾಳೆ ತನ್ನನ್ನು ಆಡಿಸುವುದೋ ಬೆಂಚ್ ಮೇಲೆ ಕೂರಿಸುವುದೋ ಅಂತ ತೀರ್ಮಾನಿಸುವ ಮನುಷ್ಯನೇ ಫೋನ್ ಮಾಡಿ, ಈ ಲೆಕ್ಕ ಚೆನ್ನಾಗಿದೆ ಅಲ್ವಾ ಅಂದರೆ, ಇಪ್ಪತ್ತೆರಡರ ಹುಡುಗ ಏನು ಹೇಳಬೇಕು?

ಅವರ ಕಡೆ ಬಾಯಿಮುಚ್ಚಿಸುವ ರೀತಿಯೂ ಗೊತ್ತಿರಲಿ. 2004ರಲ್ಲಿ ಅಟ್ಲಾಂಟ ತಂಡದ ಪಾಲುದಾರ ಮಾಲೀಕ ಸ್ಟೀವ್ ಬೆಲ್ಕಿನ್ ಬದಲಿ ಆಟಗಾರರನ್ನು ತರುವ ಮಾತಾಡಿದ್ದಕ್ಕೆ 2.5 ಲಕ್ಷ ಡಾಲರ್ ದಂಡ ಬಿತ್ತು. 2012ರಲ್ಲಿ ಡೆಟ್ರಾಯಿಟ್ ತಂಡದ ಅಧಿಕಾರಿ ಜಿಮ್ ಡೆವೆಲ್ಲಾನೊ, ಮಾಲೀಕರೇ ಜಮೀನಿನ ಒಡೆಯರು, ಆಟಗಾರರು ಅಲ್ಲಿ ಮೇಯುವ ದನ ಅನ್ನುವ ಅರ್ಥದ ಮಾತಾಡಿದರು. ಅವರ ತಂಡಕ್ಕೂ ಅಷ್ಟೇ ದಂಡ. ಅಂದರೆ ಆ ಕಡೆ ಯಾರಿಗೂ ಸ್ವಂತ ಬಾಯಿ ಇಲ್ಲ. ಅವರು ಬಾಯಿ ಮುಚ್ಚಿಸುತ್ತಾರೆ ಅಂತ ನೀವೂ ಮುಚ್ಚಿಸಬೇಕಾ? ನೀವು ಸಂಘ. ಅವರದ್ದು ವ್ಯಾಪಾರ.

ಇನ್ನೊಂದು ಎಳೆತ ಇದೆ, ಅದರ ಬಗ್ಗೆ ನಿಮ್ಮಲ್ಲಿ ಮಾತೇ ಕಡಿಮೆ. 2004ರ ಲಾಕೌಟ್‌ನಲ್ಲಿ ಎನ್‌ಎಚ್‌ಎಲ್‌ನ 388 ಆಟಗಾರರು ಯುರೋಪಿನ ತಂಡಗಳಿಗೆ ಆಡಿದರು. ಹಸಿವು ಎಲ್ಲರಿಗೂ ಒಂದೇ, ಆಡದೆ ಕೂತರೆ ಕಾಲು ಜಡ ಆಗುತ್ತದೆ, ಇದೆಲ್ಲ ಸರಿ. ಪೀಟರ್ ಫೋರ್ಸ್‌ಬರ್ಗ್ ಸ್ವೀಡನ್ನಿನ ತಮ್ಮ ಹುಟ್ಟೂರಿನ ಮೊಡೊ ತಂಡಕ್ಕೆ ಮರಳಿದಾಗ ಆ ಪುಟ್ಟ ಊರಿಗೆ ಹಬ್ಬ. ಆದರೆ ಪ್ರತಿ ಸಲ ಒಬ್ಬ ತಾರೆ ಬಂದಾಗ ಆ ತಂಡದ ಒಬ್ಬ ಸ್ಥಳೀಯ ಹುಡುಗ ಬೆಂಚ್‌ಗೆ ಹೋದ. ಅವನೂ ಕೂಲಿಗೆ ಆಡುವವನೇ. ಅವನಿಗೂ ಒಂದು ಸಂಘ ಇದೆ. 2012ರಲ್ಲಿ ಸ್ವೀಡನ್ನಿನ ಲೀಗ್, ನಾಲ್ಕು ದಿನಕ್ಕೆ ಬಂದು ಹೋಗುವವರನ್ನು ಸೇರಿಸಿಕೊಳ್ಳಬಾರದು ಅಂತ ತೀರ್ಮಾನಿಸಿತ್ತು. ಅಲ್ಲಿನ ಸ್ಪರ್ಧಾ ಪ್ರಾಧಿಕಾರ ಅದಕ್ಕೆ ತಡೆ ಹಾಕಿತು. ಕಾನೂನು ಏನೇ ಇರಲಿ, ಆ ಹುಡುಗರ ಜಾಗದಲ್ಲಿ ನಿಂತು ಒಮ್ಮೆ ಯೋಚಿಸಿ. ಹಮರ್ಲಿಕ್ ಮೇಲೆ ಹರಿಹಾಯ್ದವರಿಗೆ, ಅಲ್ಲಿ ಹೋಗಿ ಆಡಿ ಸಂಬಳ ಪಡೆದವರು ತಪ್ಪು ಮಾಡಿದರು ಅಂತ ಅನ್ನಿಸಲಿಲ್ಲ. ಮತ ಹಾಕೋಣ ಅಂದದ್ದು ಮಾತ್ರ ತಪ್ಪಾಯಿತು. ಇದು ನನಗೆ ಇವತ್ತಿಗೂ ಸರಿ ಕಾಣುವುದಿಲ್ಲ.

ಆಟದ ಅಂಗಳದ ಸುತ್ತ ದುಡಿಯುವವರ ಮಾತೂ ಬೇಕು. 2012ರಲ್ಲಿ ಹಾಸನದ ಕಡೆಯ ಒಬ್ಬಳು ಹುಡುಗಿ ಇಲ್ಲಿ ಓದುತ್ತಾ, ಒಂದು ಅರೀನಾದ ತಿಂಡಿ ಅಂಗಡಿಯಲ್ಲಿ ಪಂದ್ಯದ ರಾತ್ರಿಗಳಲ್ಲಿ ಕೆಲಸ ಮಾಡುತ್ತಿದ್ದಳು. ಬಾಡಿಗೆ ಹಂಚಿಕೊಂಡು ನಾವು ನಾಲ್ಕು ಜನ ಇದ್ದ ಮನೆ. ಫ್ರಿಜ್ ಮೇಲೆ ಆ ತಂಡದ ಪಂದ್ಯಗಳ ಪಟ್ಟಿ ಅಂಟಿಸಿದ್ದಳು. ಲೀಗ್ ಒಂದೇ ಸಲ ಎಲ್ಲ ರದ್ದು ಮಾಡಲಿಲ್ಲ. ನವೆಂಬರ್ 1ರವರೆಗೆ ಅಂದರು, ಆಮೇಲೆ ನವೆಂಬರ್ 30, ಆಮೇಲೆ ಡಿಸೆಂಬರ್ 14, ಆಮೇಲೆ 30. ಪ್ರತಿ ಸಲವೂ ಅವಳು ಪೆನ್ ತೆಗೆದು ಆ ಸಾಲುಗಳ ಮೇಲೆ ಗೆರೆ ಎಳೆಯುತ್ತಿದ್ದಳು. ಅವಳಿಗೆ ಆಟದ ಗಂಧವೇ ಇಲ್ಲ. ಫೆಹರ್ ಹೆಸರು ಮಾತ್ರ ಬಾಯಿಪಾಠ. ಶುಕ್ರವಾರ ಸಂಜೆ ಬಂದು, ಅಣ್ಣ, ಇವತ್ತಾದ್ರೂ ಮಾತುಕತೆ ಏನಾದ್ರೂ ಆಯ್ತಾ, ಅಂತ ಕೇಳುತ್ತಿದ್ದಳು. ಅವಳ ಹಾಗೆ ಕಾಯುತ್ತಿದ್ದವರು ಪ್ರತಿ ಊರಲ್ಲೂ ಇದ್ದರು. ಅವರಿಗೆ ಯಾವ ಮತವೂ ಇರಲಿಲ್ಲ. ಮುಂದೆಯೂ ಇರುವುದಿಲ್ಲ. ಮತ ಇರುವ ನೀವಾದರೂ ಅದನ್ನು ಬಳಸಿ.

ನಮ್ಮ ದೇಶದಲ್ಲೂ ಇಂಥ ಒಂದು ಹೊತ್ತು ಬಂದಿತ್ತು. 2010ರ ಜನವರಿಯಲ್ಲಿ, ದೆಹಲಿಯ ವಿಶ್ವಕಪ್‌ಗೆ ಎರಡು ತಿಂಗಳೂ ಇಲ್ಲದಾಗ, ಭಾರತ ಹಾಕಿ ತಂಡದವರು ಪುಣೆಯ ಶಿಬಿರದಲ್ಲಿ ಅಭ್ಯಾಸ ನಿಲ್ಲಿಸಿದರು. ಬರಬೇಕಾದ ಹಣ ಬಂದಿರಲಿಲ್ಲ. ತಲಾ 25 ಸಾವಿರ ಕೊಡುತ್ತೇವೆ ಅಂದರು ಅಧಿಕಾರಿಗಳು. ಇವರು ಒಪ್ಪಲಿಲ್ಲ. ದೇಶ ದೊಡ್ಡದೋ ದುಡ್ಡು ದೊಡ್ಡದೋ ಅಂತ ಟಿವಿಯವರು ಕೇಳಿದರು. ಎಂಥ ಕ್ರೂರ ಪ್ರಶ್ನೆ ಅದು! ನಾಯಕ ರಾಜ್‌ಪಾಲ್ ಸಿಂಗ್ ಮತ್ತು ಜೊತೆಗಾರರು ಒಟ್ಟಿಗೇ ನಿಂತರು, ಕೆಲವೇ ದಿನಗಳಲ್ಲಿ ವಿಷಯ ಇತ್ಯರ್ಥ ಆಯಿತು. ವಿಶ್ವಕಪ್‌ನ ಮೊದಲ ಪಂದ್ಯದಲ್ಲಿ ಪಾಕಿಸ್ತಾನವನ್ನು 4-1ರಿಂದ ಸೋಲಿಸಿದರು, ಕೊನೆಗೆ ಎಂಟನೆಯ ಸ್ಥಾನಕ್ಕೆ ನಿಂತರು. ನಮ್ಮ ಸೋಮವಾರಪೇಟೆಯ ಅರ್ಜುನ್ ಹಾಲಪ್ಪ ಆ ತಂಡದಲ್ಲಿದ್ದರು. ಒಂದೇ ಶಿಬಿರ, ಇಪ್ಪತ್ತು ಚಿಲ್ಲರೆ ಜನ. ರಾತ್ರಿ ಒಂದು ಕೋಣೆಯಲ್ಲಿ ಕೂತು ಒಬ್ಬರ ಮುಖ ಒಬ್ಬರು ನೋಡಿ ತೀರ್ಮಾನ ಮಾಡಬಹುದಿತ್ತು. ನೀವು ಏಳುನೂರಕ್ಕೂ ಜಾಸ್ತಿ ಜನ, ಹತ್ತಾರು ದೇಶದವರು, ಲಾಕೌಟ್ ಬಂದರೆ ಎರಡು ಖಂಡಗಳಲ್ಲಿ ಚದುರಿ ಹೋಗುತ್ತೀರಿ. ನಿಮಗೆ ಆ ಒಂದು ಕೋಣೆ ಇಲ್ಲ. ಆದ್ದರಿಂದ ಮತಪೆಟ್ಟಿಗೆ ಬೇಕು.

ಮತಪೆಟ್ಟಿಗೆ ಕೆಲಸ ಮಾಡುತ್ತದೆ ಅನ್ನುವುದಕ್ಕೆ ಸಾಕ್ಷಿ ನಿಮ್ಮಲ್ಲೇ ಇದೆ. 2012ರ ಡಿಸೆಂಬರ್‌ನಲ್ಲಿ, ಬೇಕಾದರೆ ಆಟಗಾರರ ಪರ ಮಾತುಕತೆ ನಡೆಸುವ ಹೊಣೆಯನ್ನು ಸಂಘ ಕಾನೂನಿನ ಲೆಕ್ಕಕ್ಕೆ ಬಿಟ್ಟುಕೊಟ್ಟು, ಆಟಗಾರರೇ ಕೋರ್ಟಿಗೆ ಹೋಗಲು ದಾರಿ ಮಾಡುವ ಅಧಿಕಾರವನ್ನು ಪದಾಧಿಕಾರಿಗಳಿಗೆ ಕೊಡಬೇಕೇ ಅಂತ ಸದಸ್ಯರನ್ನು ಕೇಳಿದಿರಿ. 706 ಜನ ಹೌದು ಅಂದರು. 22 ಜನ ಬೇಡ ಅಂದರು. ಆ 22 ಜನರ ಹೆಸರು ಹೊರಗೆ ಬರಲಿಲ್ಲ. ಯಾರೂ ಅವರನ್ನು ಬೈಯಲಿಲ್ಲ. ಅವರ ಜೊತೆ ಆಡಲು ಕಷ್ಟ ಅಂತ ಯಾರೂ ಹೇಳಲಿಲ್ಲ. 706 ಅನ್ನುವ ಅಂಕಿ ನೋಡಿ ಮಾಲೀಕರು ನಡುಗಿದರೋ ಇಲ್ಲವೋ, ಯೋಚನೆಯನ್ನಂತೂ ಮಾಡಿರಬೇಕು. ಜನವರಿ 6ರ ಬೆಳಗಿನ ಜಾವ, ಸರ್ಕಾರದ ಮಧ್ಯಸ್ಥ ಸ್ಕಾಟ್ ಬೆಕೆನ್‌ಬಾ ಎರಡು ಕಡೆಗೂ ಓಡಾಡಿ ಹೊಂದಿಸಿ, ಒಪ್ಪಂದ ಆಯಿತು. ಆದಾಯ ಅರ್ಧ ಅರ್ಧ. ಹಳೆಯ ಕರಾರುಗಳ ನಷ್ಟ ತುಂಬಲು 30 ಕೋಟಿ ಡಾಲರ್. ಲಿಂಡ್ಸೆ ಕಾಲದಿಂದ ಕೇಳುತ್ತಾ ಬಂದಿದ್ದ ವಿಷಯದಲ್ಲಿ ಒಂದು ಗಟ್ಟಿ ಪಿಂಚಣಿ ಯೋಜನೆ. ತಡೆದು ನಿಂತದ್ದಕ್ಕೆ ಫಲ ಸಿಕ್ಕಿತು, ಅದನ್ನು ನಾನು ಅಲ್ಲಗಳೆಯುವುದಿಲ್ಲ. ನವೆಂಬರ್‌ನಲ್ಲೇ ಸಹಿ ಹಾಕಿದ್ದರೆ ಇಷ್ಟು ಸಿಗುತ್ತಿತ್ತೋ ಇಲ್ಲವೋ. ಫೆಹರ್ ಲೆಕ್ಕವೇ ಸರಿ ಇದ್ದಿರಬಹುದು. ಆದರೆ ಹಮರ್ಲಿಕ್ ಸೋಲೊಪ್ಪಿಕೊಳ್ಳಿ ಅಂದಿರಲಿಲ್ಲ. ಎಣಿಸಿ ಅಂದಿದ್ದರು. ನವೆಂಬರ್‌ನಲ್ಲಿ ಎಣಿಸಿದ್ದರೂ ಬಹುಶಃ ಫೆಹರ್ ಪರವಾಗಿಯೇ ಬರುತ್ತಿತ್ತು. ಆಗ ಹಮರ್ಲಿಕ್ ಕೂಡ ತಲೆಬಾಗಿ ಕಾಯುತ್ತಿದ್ದರು.

ಆ ಸೀಸನ್ 48 ಪಂದ್ಯಕ್ಕೆ ಇಳಿದಿತ್ತು. ಕ್ಯಾಪಿಟಲ್ಸ್ ಹಮರ್ಲಿಕ್ ಅವರನ್ನು ನಾಲ್ಕೇ ಪಂದ್ಯ ಆಡಿಸಿತು. ಮಾರ್ಚ್‌ನಲ್ಲಿ ಕೈಬಿಟ್ಟಿತು. ನ್ಯೂಯಾರ್ಕ್ ರೇಂಜರ್ಸ್ ಕರೆದುಕೊಂಡಿತು, ಅಲ್ಲಿ ಹನ್ನೆರಡು. ಒಟ್ಟು 1,395 ಪಂದ್ಯಕ್ಕೆ ಅವರ ಎನ್‌ಎಚ್‌ಎಲ್ ಬದುಕು ಮುಗಿಯಿತು. ನಮಗೆ ಸಮಯ ಇಲ್ಲ ಅಂದಿದ್ದು ಅವರ ಮಟ್ಟಿಗೆ ಅಕ್ಷರಶಃ ನಿಜ ಆಗಿತ್ತು.

ನಿಮ್ಮ ಮುಂದೆ ಒಂದು ಆಕ್ಷೇಪ ಬರುತ್ತದೆ, ನನಗೆ ಗೊತ್ತು. ಮಾಲೀಕರ ಪ್ರತಿ ಪ್ರಸ್ತಾಪಕ್ಕೂ ಮತ ಹಾಕುತ್ತಾ ಕೂತರೆ ಮಾತುಕತೆಗೆ ಕೂತವರ ಕೈ ಕಟ್ಟಿದ ಹಾಗಾಗುತ್ತದೆ. ಮಾಲೀಕರು ಅರೆಬರೆ ಲೆಕ್ಕ ಎಸೆದು, ನಿಮ್ಮ ಹುಡುಗರನ್ನೇ ಕೇಳಿ ಅಂತ ಆಟ ಆಡುತ್ತಾರೆ. 48 ಗಂಟೆಯ ಫೋನ್ ಕರೆಗಳನ್ನು ನೋಡಿದವರಿಗೆ ಈ ಭಯ ಸುಳ್ಳಲ್ಲ ಅಂತ ಗೊತ್ತು. ಹಾಗಾಗಿ ಮತ ಯಾವಾಗ ಅನ್ನುವುದು ಮಾಲೀಕರ ಕೈಯಲ್ಲಿ ಇರಬಾರದು, ಸದಸ್ಯರ ಕೈಯಲ್ಲಿ ಇರಬೇಕು. ಸದಸ್ಯರಲ್ಲಿ ನಾಲ್ಕನೇ ಒಂದು ಭಾಗ ಗುಪ್ತವಾಗಿ ಕೇಳಿದರೆ ವಾರದೊಳಗೆ ಮತ. ಇಲ್ಲವೇ ಇಷ್ಟು ಪಂದ್ಯ ರದ್ದಾದ ಮೇಲೆ ತಾನಾಗಿಯೇ ಮತ. ಫಲಿತಾಂಶ ಏನೇ ಬರಲಿ, ಅದೇ ಸಂಘದ ದನಿ. ಸೋತವರು ಅದರ ಹಿಂದೆ ನಿಲ್ಲಬೇಕು, ಅದೂ ನಿಯಮದಲ್ಲೇ ಇರಲಿ. ಒಳಗೆ ಮಾತಾಡಲು ಜಾಗ ಇದ್ದರೆ ಯಾರೂ ಪತ್ರಿಕೆಯ ಬಾಗಿಲಿಗೆ ಹೋಗುವುದಿಲ್ಲ.

2030ರ ಸೆಪ್ಟೆಂಬರ್ 15ಕ್ಕೆ ಇನ್ನೂ ಸಮಯ ಇದೆ. ನಿಮ್ಮ ಪ್ರತಿನಿಧಿಗಳ ಮುಂದಿನ ವಾರ್ಷಿಕ ಸಭೆಯಲ್ಲಿ ಇದನ್ನು ಚರ್ಚೆಗೆ ತನ್ನಿ. ನಾಲ್ಕನೇ ಒಂದು ಭಾಗ ಅನ್ನುವುದು ಜಾಸ್ತಿ ಅನ್ನಿಸಿದರೆ ಬೇರೆ ಅಂಕಿ ಹಾಕಿಕೊಳ್ಳಿ, ಅದು ನಿಮಗೆ ಬಿಟ್ಟದ್ದು. ಗುಪ್ತ ಮತ ಅನ್ನುವುದನ್ನು ಮಾತ್ರ ಬಿಡಬೇಡಿ. ಆ ಸಭೆಗೆ ಹಮರ್ಲಿಕ್ ಮತ್ತು ಬ್ರೌವರ್ ಇಬ್ಬರನ್ನೂ ಕರೆಸಿ, ಇಬ್ಬರ ಮಾತನ್ನೂ ಈಗಿನ ಹುಡುಗರು ಕೇಳಲಿ.

ಇಂತಿ,
ಟೊರಾಂಟೊದಲ್ಲಿರುವ ಒಬ್ಬ ಕೊಡಗಿನ ಹಾಕಿ ಅಭಿಮಾನಿ